ಶೇಕಡಾ 16ರ ಚರಿತ್ರೆ: ಔಷಧ ವ್ಯಾಪಾರಿಗಳ ಸಂಘಟನೆ ಮತ್ತು ಚೈನ್ ಮಳಿಗೆಗಳು

ಸ್ಮರಣ ಸಂಚಿಕೆಯಲ್ಲಿ ಸಂಸ್ಥೆಯ ಚರಿತ್ರೆ ಎಂದರೆ ಸಾಮಾನ್ಯವಾಗಿ ಅಧ್ಯಕ್ಷರ ಪಟ್ಟಿ, ಸಮ್ಮೇಳನಗಳ ಫೋಟೊ, ಮಂತ್ರಿಗಳಿಗೆ ಕೊಟ್ಟ ಮನವಿಪತ್ರಗಳ ಸಾಲು. ಅವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇದ್ದೇ ಇರುತ್ತವೆ. ನಾನು ಬರೆಯಲು ಒಪ್ಪಿಕೊಂಡದ್ದು ಬೇರೆ ವಿಷಯ. 1975ರಲ್ಲಿ ಹುಟ್ಟಿದ ಅಖಿಲ ಭಾರತ ಔಷಧ ವ್ಯಾಪಾರಿಗಳ ಸಂಘಟನೆ, ನಮ್ಮೆಲ್ಲರ ಬಾಯಲ್ಲಿ ಎಐಒಸಿಡಿ, ಈ ಐವತ್ತು ವರ್ಷ ಏನನ್ನು ಕಾಪಾಡಿಕೊಂಡು ಬಂತು, ಏನನ್ನು ಕೈಬಿಟ್ಟಿತು, ಆ ನಡುವೆ ಚೈನ್ ಮಳಿಗೆಗಳು ಯಾವ ದಾರಿಯಿಂದ ಒಳಗೆ ಬಂದವು ಎಂಬುದು. ಇದರಲ್ಲಿ ಕೆಲವು ಮಾತು ಸದಸ್ಯ ಮಿತ್ರರಿಗೆ ಹಿತವಾಗಿ ಕೇಳಿಸಲಿಕ್ಕಿಲ್ಲ. ಆದರೆ ಹಬ್ಬದ ದಿನ ಲೆಕ್ಕ ನೋಡುವುದು ವ್ಯಾಪಾರಿಗೆ ಹೊಸದೇನಲ್ಲ; ದೀಪಾವಳಿಗೆ ಖಾತೆ ಪುಸ್ತಕವನ್ನೇ ಪೂಜೆಗೆ ಇಡುವವರು ನಾವು.

ಒಂದು ಕಾಲಕ್ಕೆ ಮೆಡಿಕಲ್ ಸ್ಟೋರ್ ಎಂಬುದು ಔಷಧ ತಯಾರಾಗುವ ಜಾಗವೂ ಆಗಿತ್ತು. ಕಲ್ಕತ್ತೆಯ ಬಾತ್‌ಗೇಟ್, ಸ್ಮಿತ್ ಸ್ಟಾನಿಸ್ಟ್ರೀಟ್, 1906ರಲ್ಲಿ ಶುರುವಾದ ಫ್ರಾಂಕ್ ರಾಸ್ ಇವೆಲ್ಲ ಆ ಕಾಲದ ದೊಡ್ಡ ಹೆಸರುಗಳು. ಸಣ್ಣ ಊರುಗಳಲ್ಲಿ ಡಾಕ್ಟರ ಚೀಟಿ ತಂದುಕೊಟ್ಟರೆ ಕಾಂಪೌಂಡರು ಪರದೆಯ ಹಿಂದೆ ಹೋಗಿ ಮಿಕ್ಸ್ಚರ್ ಬೆರೆಸಿ ಬಾಟಲಿಗೆ ತುಂಬುತ್ತಿದ್ದರು. ಬಾಟಲಿಯ ಬದಿಗೆ ಗರಗಸದ ಹಲ್ಲಿನಂತೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದ ಮುದುಕಿಗೂ ಡೋಸು ತಪ್ಪುತ್ತಿರಲಿಲ್ಲ. ಆ ವ್ಯಾಪಾರದಲ್ಲಿ ಲಾಭ ಇದ್ದದ್ದು ಕೈಕೆಲಸದಲ್ಲಿ. ಯಾರು ಎಷ್ಟು ಚೆನ್ನಾಗಿ ಬೆರೆಸುತ್ತಾರೆ, ಯಾರ ಅಂಗಡಿಯ ಕ್ವಿನೈನ್ ಅಸಲಿ ಎಂಬುದರ ಮೇಲೆ ಅಂಗಡಿಯ ಹೆಸರು ನಿಲ್ಲುತ್ತಿತ್ತು.

ಅಸಲಿ ನಕಲಿಯ ಗೊಂದಲ ಎಷ್ಟು ದೊಡ್ಡದಿತ್ತೆಂದರೆ 1930ರಲ್ಲಿ ಸರಕಾರ ಆರ್. ಎನ್. ಚೋಪ್ರಾ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನೇ ನೇಮಿಸಬೇಕಾಯಿತು. ಅದರ ಫಲವಾಗಿ 1940ರ ಔಷಧ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ ಬಂದವು. ಇಂದಿಗೂ ನಮ್ಮ ಗೋಡೆಯ ಮೇಲೆ ಫ್ರೇಮ್ ಹಾಕಿ ತೂಗುಹಾಕುವ ಫಾರಂ 20, ಫಾರಂ 21ರ ಲೈಸೆನ್ಸು, ಕನಿಷ್ಠ ಹತ್ತು ಚದರ ಮೀಟರ್ ಜಾಗ, ಒಂದು ಫ್ರಿಜ್, ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆ, ಎಲ್ಲದರ ಮೂಲ ಅಲ್ಲಿದೆ. ಕಾಯ್ದೆಯ ಕಣ್ಣಿನಲ್ಲಿ ಔಷಧ ಅಂಗಡಿಯ ಯಜಮಾನ ಬಂಡವಾಳ ಹಾಕಿದವನಲ್ಲ, ಓದಿದ ಫಾರ್ಮಸಿಸ್ಟ್. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಮಾತ್ರೆಯ ಸ್ಟ್ರಿಪ್ ಬಂದ ಮೇಲೆ ಪರದೆಯ ಹಿಂದಿನ ಕೆಲಸ ನಿಂತಿತು. 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಯಾದ ಮೇಲಂತೂ ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ತಯಾರಿಸತೊಡಗಿದವು. ಅಂಗಡಿಯವನು ಬೇರೆಯವರ ಬ್ರಾಂಡ್‌ಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟು ಚೀಟಿ ನೋಡಿ ತೆಗೆದುಕೊಡುವವನಾದ. ತಾಕತ್ತೆಲ್ಲ ಕಂಪನಿಯ ಕೈಗೆ ಹೋಯಿತು. ಯಾವ ಬ್ರಾಂಡ್ ಓಡಬೇಕೆಂದು ತೀರ್ಮಾನಿಸುವವರು ರೆಪ್ ಮತ್ತು ಡಾಕ್ಟರು, ಬೆಲೆ ತೀರ್ಮಾನಿಸುವುದು ಕಂಪನಿ, ಕೆಲವು ಔಷಧಗಳಿಗೆ 1970ರ ಬೆಲೆ ನಿಯಂತ್ರಣ ಆದೇಶದ ನಂತರ ಸರಕಾರ. ಅಂಗಡಿಗೆ ಉಳಿದದ್ದು ಮಾರ್ಜಿನ್ ಒಂದೇ. ಅದರ ಮೇಲೂ ಕಂಪನಿಗಳ ಕಣ್ಣು. ಎಕ್ಸ್‌ಪೈರಿ ಮಾಲು ವಾಪಸ್ ತೆಗೆದುಕೊಳ್ಳುವುದಕ್ಕೆ ಸಬೂಬು, ಒಡೆದ ಬಾಟಲಿಗೆ ಕ್ರೆಡಿಟ್ ನೋಟ್ ಇಲ್ಲ, ಇವತ್ತು ಒಬ್ಬ ಸ್ಟಾಕಿಸ್ಟ್, ನಾಳೆ ಇನ್ನೊಬ್ಬ.

ಎಐಒಸಿಡಿ ಹುಟ್ಟಿದ್ದು ಈ ಅಸಹಾಯಕತೆಯಲ್ಲಿ. ಅದೇ 1975ರಲ್ಲಿ ಜೈಸುಖಲಾಲ್ ಹಾಥಿ ಸಮಿತಿ ತನ್ನ ವರದಿ ಕೊಟ್ಟು, ಔಷಧಗಳ ಬ್ರಾಂಡ್ ಹೆಸರುಗಳನ್ನು ಹಂತಹಂತವಾಗಿ ತೆಗೆದುಹಾಕಬೇಕೆಂದು ಹೇಳಿತು. ಆ ಶಿಫಾರಸು ಜಾರಿಯಾಗಿದ್ದರೆ ನಮ್ಮ ವ್ಯಾಪಾರದ ನಕ್ಷೆಯೇ ಬೇರೆಯಾಗುತ್ತಿತ್ತು; ಯಾವ ಕಂಪನಿಯ ಔಷಧ ಕೊಡಬೇಕೆಂಬ ತೀರ್ಮಾನ ಫಾರ್ಮಸಿಸ್ಟರ ಕೈಗೆ ಬರುತ್ತಿತ್ತು. ಜಾರಿಯಾಗಲಿಲ್ಲ. ಕಂಪನಿಗಳಿಗಂತೂ ಅದು ಬೇಡವಾಗಿತ್ತು. ನಮ್ಮ ಸಂಘಟನೆಯೂ ಬ್ರಾಂಡ್ ಲೋಕವನ್ನೇ ಒಪ್ಪಿಕೊಂಡು, ಅದರೊಳಗೆ ತನ್ನ ಪಾಲು ಗಟ್ಟಿ ಮಾಡಿಕೊಳ್ಳುವ ದಾರಿ ಹಿಡಿಯಿತು.

ಆ ಪಾಲನ್ನು ಗಟ್ಟಿ ಮಾಡಿಕೊಂಡ ಬಗೆ ನಿಜಕ್ಕೂ ಜಾಣತನದ್ದು. ಒಬ್ಬೊಬ್ಬ ಅಂಗಡಿಯವನು ಕಂಪನಿಯ ಮುಂದೆ ಏನೂ ಅಲ್ಲ, ಆದರೆ ಊರಿನ ಎಲ್ಲ ಅಂಗಡಿಯವರು ಸೇರಿ ಒಂದು ಕಂಪನಿಯ ಮಾಲು ಎತ್ತುವುದಿಲ್ಲ ಎಂದರೆ ಕಂಪನಿ ಮಾತಿಗೆ ಬರಲೇಬೇಕು. 1980ರ ದಶಕದಿಂದ ಮುಂದೆ ಸಂಘಟನೆ ತಯಾರಕರ ಒಕ್ಕೂಟಗಳ ಜೊತೆ ಕುಳಿತು ಒಪ್ಪಂದಗಳನ್ನು ಮಾಡಿಕೊಂಡಿತು. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧದಲ್ಲಿ ಅಂಗಡಿಗೆ ಶೇಕಡಾ 16, ಸ್ಟಾಕಿಸ್ಟನಿಗೆ ಶೇಕಡಾ 8. ಉಳಿದವುಗಳಲ್ಲಿ 20 ಮತ್ತು 10. ಅವಧಿ ಮುಗಿದ ಮಾಲು ವಾಪಸ್. ಹೊಸ ಸ್ಟಾಕಿಸ್ಟನನ್ನು ನೇಮಿಸಬೇಕಾದರೆ ಸಂಘದ ಎನ್‌ಒಸಿ. ಹೊಸ ಔಷಧ ಮಾರುಕಟ್ಟೆಗೆ ಬಿಡುವ ಮುನ್ನ ಸಂಘದ ಪತ್ರಿಕೆಯಲ್ಲಿ ಅದರ ಮಾಹಿತಿ ಪ್ರಕಟಣೆ, ಅದಕ್ಕೊಂದು ಶುಲ್ಕ; ಪಿಐಎಸ್ ಎಂದು ನಾವು ಕರೆಯುತ್ತಿದ್ದದ್ದು ಅದನ್ನೇ.

ಈ ವ್ಯವಸ್ಥೆಯನ್ನು ಈಗ ಹೀಗಳೆಯುವುದು ಸುಲಭ. ಆದರೆ ಹೋಬಳಿ ಕೇಂದ್ರದ ಅಂಗಡಿಗೂ ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಗೂ ಒಂದೇ ದರದಲ್ಲಿ ಮಾಲು ಸಿಕ್ಕಿದ್ದು ಇದರಿಂದಲೇ. ದಿನಕ್ಕೆ ಎರಡು ಬಸ್ಸು ಬರುವ ಊರಿನಲ್ಲಿ ಮೆಡಿಕಲ್ ಶಾಪ್ ಇಟ್ಟವನು ಬದುಕಿಕೊಂಡದ್ದು, ಹಾವು ಕಡಿತದ ಸೀರಮ್ಮನ್ನೂ ಮಕ್ಕಳ ಸಿರಪ್ಪನ್ನೂ ಎಕ್ಸ್‌ಪೈರಿಯ ಭಯವಿಲ್ಲದೆ ಇಟ್ಟುಕೊಂಡದ್ದು ಆ ಮಾರ್ಜಿನ್ ಮತ್ತು ಆ ವಾಪಸಾತಿಯ ಧೈರ್ಯದಿಂದ. ಬೇರೆ ಯಾವ ಚಿಲ್ಲರೆ ವ್ಯಾಪಾರಿಗಳ ಸಂಘಟನೆಯೂ ಕಂಪನಿಗಳ ಮುಂದೆ ಇಷ್ಟು ಗಟ್ಟಿಯಾಗಿ ನಿಂತದ್ದು ನಾನು ಕಂಡಿಲ್ಲ. ಕಿರಾಣಿ ಅಂಗಡಿಯವರು ಇವತ್ತಿಗೂ ಸೋಪು ಕಂಪನಿ ಕೊಟ್ಟಷ್ಟೇ ತೆಗೆದುಕೊಳ್ಳುತ್ತಾರೆ.

ಎನ್‌ಒಸಿ ಎಂಬ ಕಾಗದಕ್ಕೆ ಇನ್ನೊಂದು ಮುಖವೂ ಇತ್ತು. ಸ್ಟಾಕಿಸ್ಟ್ ಆಗಬೇಕೆಂದು ಬಂದ ಹೊಸಬ ಲೈಸೆನ್ಸು, ಗೋಡೌನು, ಬಂಡವಾಳ ಎಲ್ಲ ಇದ್ದೂ ಪದಾಧಿಕಾರಿಗಳ ಮನೆ ಬಾಗಿಲಿಗೆ ಅಲೆಯಬೇಕಿತ್ತು. ಅಲ್ಲಿ ಕುಳಿತವರಲ್ಲಿ ಅನೇಕರು ಸ್ವತಃ ಸ್ಟಾಕಿಸ್ಟರು. ಪೂರೈಕೆಯ ಬಾಗಿಲು ನಮ್ಮ ಕೈಯಲ್ಲಿರುವವರೆಗೆ ಸ್ಪರ್ಧೆಗೆ ಹೆದರಬೇಕಿಲ್ಲ ಎಂಬ ನಂಬಿಕೆ ಸಂಘಟನೆಯ ಒಳಗೆ ಬೇರೂರಿತು. ಕೌಂಟರಿನ ಕಡೆ ಯಾರೂ ನೋಡಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಚೈನ್ ಮಳಿಗೆಗಳ ಕಥೆ ಸದ್ದಿಲ್ಲದೆ ಶುರುವಾಯಿತು. ಚೆನ್ನೈನಲ್ಲಿ 1983ರಲ್ಲಿ ಡಾ. ಪ್ರತಾಪ್ ಸಿ. ರೆಡ್ಡಿ ಅವರ ಅಪೋಲೊ ಆಸ್ಪತ್ರೆ ತೆರೆಯಿತು, 1987ರಲ್ಲಿ ಅಪೋಲೊ ಫಾರ್ಮಸಿ. ಆಸ್ಪತ್ರೆಯ ಹೆಸರೇ ಅಂಗಡಿಯ ಜಾಹೀರಾತು. ಆಗ ಯಾರೂ ಇದನ್ನು ಪೈಪೋಟಿ ಎಂದು ಎಣಿಸಲಿಲ್ಲ, ಆಸ್ಪತ್ರೆಗೊಂದು ಮೆಡಿಕಲ್ ಬೇಕಲ್ಲ ಎಂದುಕೊಂಡರು. 1997ರಲ್ಲಿ ಅದೇ ಚೆನ್ನೈನಲ್ಲಿ ಶುರುವಾದ ಸುಭಿಕ್ಷಾ ದಿನಸಿ, ತರಕಾರಿ, ಔಷಧ, ಆಮೇಲೆ ಮೊಬೈಲ್ ಫೋನ್ ಎಲ್ಲವನ್ನೂ ರಿಯಾಯಿತಿ ದರಕ್ಕೆ ಮಾರುತ್ತಾ ಸುಮಾರು 1,600 ಅಂಗಡಿಗಳವರೆಗೆ ಬೆಳೆಯಿತು. 2009ರ ಆರಂಭದಲ್ಲಿ ಕೈಯಲ್ಲಿ ನಗದಿಲ್ಲದೆ ಬಾಗಿಲು ಹಾಕಿತು. ಆ ಸುದ್ದಿ ಬಂದಾಗ ನಮ್ಮವರಲ್ಲಿ ಹಲವರು ನಿಟ್ಟುಸಿರು ಬಿಟ್ಟರು: ನೋಡಿ, ಔಷಧದಲ್ಲಿ ಡಿಸ್ಕೌಂಟ್ ಕೊಟ್ಟವನು ಉಳಿಯುವುದಿಲ್ಲ. ಸುಭಿಕ್ಷಾ ಬಿದ್ದದ್ದು ಡಿಸ್ಕೌಂಟಿನಿಂದಲ್ಲ, ಸಾಲದ ಮೇಲೆ ಓಡಿದ್ದರಿಂದ. ಎರಡಕ್ಕೂ ಇರುವ ವ್ಯತ್ಯಾಸವನ್ನು ಹೈದರಾಬಾದಿನ ಒಬ್ಬರು ಚೆನ್ನಾಗಿ ಅರಿತಿದ್ದರು.

ಮಧುಕರ್ ಗಂಗಾಡಿ ಓದಿದ್ದು ವೈದ್ಯಕೀಯ, ಆಮೇಲೆ ಅಮೆರಿಕದ ವಾರ್ಟನ್‌ನಲ್ಲಿ ಎಂಬಿಎ. 2006ರಲ್ಲಿ ಹೈದರಾಬಾದಿನಲ್ಲಿ ಮೆಡ್‌ಪ್ಲಸ್ ಶುರು ಮಾಡಿದರು. ಅವರ ತಂತ್ರ ಏನೆಂದು ತಿಳಿಯಲು ಒಂದು ಸ್ಟ್ರಿಪ್‌ನ ಲೆಕ್ಕ ಹಾಕಿದರೆ ಸಾಕು. ತೆರಿಗೆ ಬಿಟ್ಟು ನೂರು ರೂಪಾಯಿ ಬೆಲೆಯ, ನಿಯಂತ್ರಣಕ್ಕೆ ಒಳಪಡದ ಒಂದು ಔಷಧ ತೆಗೆದುಕೊಳ್ಳಿ. ಶೇಕಡಾ 20 ಮಾರ್ಜಿನ್ ಕಳೆದು ನಮ್ಮ ಅಂಗಡಿಗೆ ಅದು ಬರುವುದು 80 ರೂಪಾಯಿಗೆ. ಸ್ಟಾಕಿಸ್ಟ್ ತನ್ನ ಶೇಕಡಾ 10 ಇಟ್ಟುಕೊಂಡು ಕೊಡುವುದರಿಂದ ಅವನಿಗೆ ಬಿದ್ದದ್ದು 72 ರೂಪಾಯಿ. ಕಂಪನಿಯಿಂದ ನೇರವಾಗಿ ತನ್ನ ಗೋಡೌನಿಗೆ ತರಿಸುವ ಚೈನ್‌ಗೆ ಈ 72ರ ದರ ಸಿಗುತ್ತದೆ. ಗಿರಾಕಿಗೆ ಶೇಕಡಾ 20 ಬಿಟ್ಟುಕೊಟ್ಟರೂ ಅದರ ಕೈಯಲ್ಲಿ ಎಂಟು ರೂಪಾಯಿ ಉಳಿಯುತ್ತದೆ. ಅದೇ ರಿಯಾಯಿತಿ ನಾವು ಕೊಟ್ಟರೆ ಉಳಿಯುವುದು ಸೊನ್ನೆ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಕೈಯಿಂದ.

ಬೆಲೆ ನಿಯಂತ್ರಣದ ಔಷಧದಲ್ಲಿ ಸ್ಥಿತಿ ಇನ್ನೂ ಬಿಗಿ. 1995ರ ಆದೇಶದಲ್ಲಿ ಶೇಕಡಾ 16 ಎಂದರೆ ಚಿಲ್ಲರೆ ಬೆಲೆಯ ಮೇಲೆ. 2013ರ ಆದೇಶ ಬಂದಾಗ ಅದೇ ಶೇಕಡಾ 16 ಅಂಗಡಿಯ ಖರೀದಿ ದರದ ಮೇಲೆ ಲೆಕ್ಕವಾಯಿತು. ನೂರಕ್ಕೆ ಕೊಂಡದ್ದು ನೂರಾ ಹದಿನಾರಕ್ಕೆ ಮಾರಾಟ. ಮಾರಾಟ ಬೆಲೆಯಲ್ಲಿ ನೋಡಿದರೆ ಮಾರ್ಜಿನ್ ಹದಿನಾಲ್ಕೂ ಮುಟ್ಟುವುದಿಲ್ಲ. ಶೇಕಡಾ 10 ಡಿಸ್ಕೌಂಟ್ ಕೊಟ್ಟರೆ ಉಳಿಯುವುದು ನಾಲ್ಕು ರೂಪಾಯಿ ನಲವತ್ತು ಪೈಸೆ. ಶೇಕಡಾ 15 ಕೊಟ್ಟರೆ ಒಂದು ರೂಪಾಯಿ ನಲವತ್ತು ಪೈಸೆ ನಷ್ಟ. ಬಿಪಿ, ಶುಗರ್ ಮಾತ್ರೆಗಳಲ್ಲಿ ಎಷ್ಟೋ ಈ ಪಟ್ಟಿಯಲ್ಲಿವೆ. ಎದುರಿನ ಬೋರ್ಡ್ ನೋಡಿ ನಾವೂ ಶೇಕಡಾ 15 ಎಂದು ಬರೆಸಿಬಿಟ್ಟ ಅಂಗಡಿಗಳು ಎರಡೇ ವರ್ಷದಲ್ಲಿ ಯಾಕೆ ಮುಚ್ಚಿದವು ಎಂದು ಕೇಳುವವರಿಗೆ ಉತ್ತರ ಈ ಎರಡು ಸಾಲಿನಲ್ಲಿದೆ.

ಹಾಗಾದರೆ ಚೈನ್‌ಗಳು ಈ ಔಷಧಗಳನ್ನು ಹೇಗೆ ಮಾರುತ್ತವೆ? ಸ್ಟ್ರಿಪ್‌ನ ಲೆಕ್ಕವನ್ನು ಅವು ಬುಟ್ಟಿಯ ಲೆಕ್ಕವಾಗಿ ಬದಲಾಯಿಸಿದವು. ಶುಗರ್ ಮಾತ್ರೆಗೆ ಬಂದ ಗಿರಾಕಿ ಗ್ಲುಕೋಸ್ ಸ್ಟ್ರಿಪ್, ಪ್ರೋಟೀನ್ ಪುಡಿ, ಹಿರಿಯರ ಡೈಪರ್, ಹ್ಯಾಂಡ್‌ವಾಶ್ ಕೂಡ ಒಯ್ಯುತ್ತಾನೆ. ಅವುಗಳಲ್ಲಿ ಅನೇಕವು ಚೈನ್‌ನದೇ ಬ್ರಾಂಡ್. ಜಾಹೀರಾತಿನ ಖರ್ಚಿಲ್ಲ, ರೆಪ್‌ನ ಸಂಬಳವಿಲ್ಲ, ನಡುವಿನ ಲಾಭವೆಲ್ಲ ಮನೆಗೆ. 2023ರಲ್ಲಿ ಮೆಡ್‌ಪ್ಲಸ್ ಒಂದು ಹೆಜ್ಜೆ ಮುಂದೆ ಹೋಗಿ ಚೀಟಿಯ ಔಷಧಗಳನ್ನೂ ತನ್ನದೇ ಹೆಸರಿನಲ್ಲಿ, ದೊಡ್ಡ ಬ್ರಾಂಡ್‌ಗಳಿಗಿಂತ ಬಹಳ ಕಡಿಮೆ ಬೆಲೆಗೆ ಮಾರತೊಡಗಿತು. ಇಲ್ಲಿ ಕಾಯ್ದೆಯ ಒಂದು ಅಡ್ಡಿ ಇದೆ. ನಿಯಮ 65ರ ಪ್ರಕಾರ ಶೆಡ್ಯೂಲ್ ಎಚ್ ಚೀಟಿಯಲ್ಲಿ ಡಾಕ್ಟರು ಬರೆದ ಬ್ರಾಂಡ್ ಬಿಟ್ಟು, ಒಳಗಿನ ಔಷಧ ಒಂದೇ ಆದರೂ, ಬೇರೆಯದನ್ನು ಕೊಡುವಂತಿಲ್ಲ. ಹಾಥಿ ಸಮಿತಿಯ ಮಾತು ಅಂದು ನಡೆದಿದ್ದರೆ ಈ ಅಡ್ಡಿಯೇ ಇರುತ್ತಿರಲಿಲ್ಲ, ಬದಲಿ ಕೊಡುವ ಹಕ್ಕು ಪ್ರತಿಯೊಂದು ಸಣ್ಣ ಅಂಗಡಿಯ ಫಾರ್ಮಸಿಸ್ಟನಿಗೂ ಸಿಕ್ಕಿರುತ್ತಿತ್ತು. ಯಾವುದನ್ನು ನಾವು ಕೇಳಬೇಕಿತ್ತೋ ಅದನ್ನು ಕೇಳಲಿಲ್ಲ.

ಇನ್ನೊಂದು ತಂತ್ರ ಜಾಗದ್ದು. ಇಡೀ ದೇಶಕ್ಕೆ ಹರಡುವ ಬದಲು ಒಂದು ನಗರವನ್ನು ಹಿಡಿದು ಅದರ ಪ್ರತಿ ಬಡಾವಣೆಯಲ್ಲೂ ಅಂಗಡಿ ತೆರೆಯುವುದು. ಹೈದರಾಬಾದ್, ಬೆಂಗಳೂರು, ಚೆನ್ನೈಗಳಲ್ಲಿ ಮೆಡ್‌ಪ್ಲಸ್ ಮಾಡಿದ್ದು ಇದನ್ನೇ. ಒಂದು ಗೋಡೌನು ಹತ್ತಿರ ಹತ್ತಿರದ ನೂರಾರು ಅಂಗಡಿಗಳಿಗೆ ಮಾಲು ಕಳಿಸುತ್ತದೆ. ಒಂದರಲ್ಲಿ ಇಲ್ಲದ್ದು ಪಕ್ಕದ ರಸ್ತೆಯ ಅಂಗಡಿಯಲ್ಲಿದೆ ಎಂದು ಕಂಪ್ಯೂಟರು ಹೇಳುತ್ತದೆ. ಎಕ್ಸ್‌ಪೈರಿ ಹತ್ತಿರವಾದ ಮಾಲು ಓಡುವ ಅಂಗಡಿಗೆ ಹೋಗುತ್ತದೆ. ನಮ್ಮ ಕಡೆ ಇದೇ ಕೆಲಸವನ್ನು ಮಾಡುವುದು ಶಾರ್ಟ್ ಬುಕ್. ಸಂಜೆ ಹುಡುಗ ಕಪಾಟು ನೋಡಿ ಮುಗಿದದ್ದನ್ನು ಬರೆದಿಡುತ್ತಾನೆ, ರಾತ್ರಿ ಸ್ಟಾಕಿಸ್ಟನಿಗೆ ಫೋನು, ಮರುದಿನ ಮಧ್ಯಾಹ್ನ ಮಾಲು. ಅಷ್ಟರಲ್ಲಿ ಕೇಳಿಬಂದ ಗಿರಾಕಿ ಹೋಗಿರುತ್ತಾನೆ. ಹೋದವನ ಹೆಸರು ಶಾರ್ಟ್ ಬುಕ್ಕಿನಲ್ಲಿ ಇರುವುದಿಲ್ಲ.

2014ರಲ್ಲಿ ಅಪೋಲೊ ಹೆಟೆರೊ ಗುಂಪಿನ 320 ಅಂಗಡಿಗಳನ್ನು 146 ಕೋಟಿ ರೂಪಾಯಿಗೆ ಕೊಂಡುಕೊಂಡಾಗ ದಕ್ಷಿಣ ಭಾರತದ ಲೆಕ್ಕಾಚಾರ ಸ್ಪಷ್ಟವಾಯಿತು. ಇನ್ನು ಮೇಲೆ ಬೆಳೆಯುವುದು ಎರಡು ದೊಡ್ಡ ಆನೆಗಳ ನಡುವಿನ ಪೈಪೋಟಿಯಿಂದ. 2021ರ ಡಿಸೆಂಬರಿನಲ್ಲಿ ಮೆಡ್‌ಪ್ಲಸ್ 1,398 ಕೋಟಿ ರೂಪಾಯಿಯ ಷೇರು ಬಿಡುಗಡೆ ಮಾಡಿತು. ಇಂದು ಅಪೋಲೊಗೆ ಆರು ಸಾವಿರಕ್ಕೂ ಹೆಚ್ಚು, ಮೆಡ್‌ಪ್ಲಸ್‌ಗೆ ನಾಲ್ಕು ಸಾವಿರಕ್ಕೂ ಹೆಚ್ಚು ಮಳಿಗೆಗಳಿವೆ. ಆದರೂ ದೇಶದ ಔಷಧ ವ್ಯಾಪಾರದ ಬಹುಪಾಲು ಇನ್ನೂ ನಮ್ಮಂಥ ಬಿಡಿ ಅಂಗಡಿಗಳ ಕೈಯಲ್ಲಿಯೇ ಇದೆ ಎಂಬುದನ್ನು ಗಾಬರಿಯ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ.

ಪೂರೈಕೆಯ ಬಾಗಿಲಿನ ವಿಷಯಕ್ಕೆ ಮರಳಿ ಬರುತ್ತೇನೆ. ಅದನ್ನು ತೆರೆಸಿದ್ದು ಚೈನ್‌ಗಳಲ್ಲ, ಕಾನೂನು. 2002ರ ಸ್ಪರ್ಧಾ ಕಾಯ್ದೆಯ ಮುಖ್ಯ ಕಲಮುಗಳು 2009ರ ಮೇ 20ರಂದು ಜಾರಿಗೆ ಬಂದವು. ದೂರು ಕೊಟ್ಟವರು ದೊಡ್ಡ ಕಂಪನಿಗಳಲ್ಲ, ನಮ್ಮದೇ ವ್ಯಾಪಾರದ ಜನ: ಸ್ಟಾಕಿಸ್ಟ್‌ಶಿಪ್ ಸಿಗದವರು, ಮಾಲು ನಿಂತುಹೋದವರು. 2012ರಲ್ಲಿ ಗೋವಾದ ಸಂಘದ ವಿರುದ್ಧ ಆದೇಶ ಬಂತು. 2013ರ ಫೆಬ್ರುವರಿಯಲ್ಲಿ, ಒಡಿಶಾದ ಸಂತುಕಾ ಅಸೋಸಿಯೇಟ್ಸ್ ತಂದ ಪ್ರಕರಣದಲ್ಲಿ, ಸ್ಪರ್ಧಾ ಆಯೋಗ ಎಐಒಸಿಡಿಗೇ ಸುಮಾರು 47 ಲಕ್ಷ ರೂಪಾಯಿ ದಂಡ ಹಾಕಿ, ಎನ್‌ಒಸಿ, ಕಡ್ಡಾಯ ಪಿಐಎಸ್ ಶುಲ್ಕ, ಒಪ್ಪಂದದ ಮೂಲಕ ಮಾರ್ಜಿನ್ ಕಟ್ಟಿಹಾಕುವುದು ಇವೆಲ್ಲ ಸ್ಪರ್ಧೆಗೆ ಮಾರಕ ಎಂದಿತು. 2016ರ ಜುಲೈಯಲ್ಲಿ ಬೆಂಗಳೂರಿನ ಒಂದು ಸಂಸ್ಥೆಯ ದೂರಿನ ಮೇಲೆ ಕರ್ನಾಟಕದ ರಾಜ್ಯ ಸಂಘದ ವಿರುದ್ಧವೂ ಒಂದು ದೊಡ್ಡ ಔಷಧ ಕಂಪನಿಯ ವಿರುದ್ಧವೂ ಇದೇ ಬಗೆಯ ಆದೇಶ ಬಂದು, ವಿಷಯ ಮೇಲ್ಮನವಿಗೂ ಹೋಯಿತು.

ಆ ದಿನಗಳಲ್ಲಿ ಸಂಘದ ಸಭೆಗಳಲ್ಲಿ ಕೇಳಿಬಂದ ಮಾತು, ಸರಕಾರ ಸಣ್ಣವರ ಕತ್ತು ಹಿಸುಕುತ್ತಿದೆ ಎಂಬುದು. ನನಗೆ ಹಾಗನ್ನಿಸುವುದಿಲ್ಲ. ಕಂಪನಿಯ ವಿರುದ್ಧ ಸಣ್ಣವರು ಒಂದಾಗಿ ನಿಲ್ಲಲು ಮಾಡಿಕೊಂಡ ಆಯುಧವನ್ನು ನಾವು ಇನ್ನೊಬ್ಬ ಸಣ್ಣವನ ಮೇಲೆ ತಿರುಗಿಸಿದ್ದೆವು. ಆಯೋಗ ಕಂಡದ್ದು ಅದನ್ನು. ಕಂಪನಿಗಳ ಜೊತೆ ಒಟ್ಟಾಗಿ ಚೌಕಾಸಿ ಮಾಡುವುದನ್ನಷ್ಟೇ ಇಟ್ಟುಕೊಂಡು ಪ್ರವೇಶ ತಡೆಯುವುದನ್ನು ಮೊದಲೇ ಕೈಬಿಟ್ಟಿದ್ದರೆ, ಕಾಯ್ದೆಯ ಮುಂದೆ ನಮ್ಮ ವಾದ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು.

ಇದರ ಬೆನ್ನಿಗೇ ಆನ್‌ಲೈನ್ ಬಂತು. ಚೆನ್ನೈನ ದಢಾ ಕುಟುಂಬದ ನೆಟ್‌ಮೆಡ್ಸ್, ಬೆಂಗಳೂರಿನ ಮೆಡ್‌ಲೈಫ್, ಗುರುಗ್ರಾಮದ 1ಎಂಜಿ, ಮುಂಬೈನ ಫಾರ್ಮ್‌ಈಸಿ. ಎಐಒಸಿಡಿ ಕರೆ ಕೊಟ್ಟು 2015ರ ಅಕ್ಟೋಬರ್ 14, 2017ರ ಮೇ 30, 2018ರ ಸೆಪ್ಟೆಂಬರ್ 28ರಂದು ದೇಶದಾದ್ಯಂತ ಅಂಗಡಿಗಳನ್ನು ಮುಚ್ಚಿಸಿತು. ಒಂದು ದಿನ ಇಡೀ ದೇಶದ ಮೆಡಿಕಲ್ ಶಾಪ್ ಬಂದ್ ಮಾಡಿಸುವುದು ಸಣ್ಣ ಸಾಧನೆಯಲ್ಲ, ಸಂಘಟನೆಯ ಶಕ್ತಿಗೆ ಅದು ಸಾಕ್ಷಿ. ಆದರೆ ಅಂದು ಔಷಧ ಸಿಗದೆ ತಿರುಗಾಡಿದವರಲ್ಲಿ ಕೆಲವರಾದರೂ ಆವತ್ತೇ ಮೊದಲ ಸಲ ಆಪ್ ಇಳಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. 2018ರ ಆಗಸ್ಟ್ 28ರಂದು ಕೇಂದ್ರ ಸರಕಾರ ಇ-ಫಾರ್ಮಸಿಯ ಕರಡು ನಿಯಮ ಪ್ರಕಟಿಸಿತು, ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟ್ ಲೈಸೆನ್ಸಿಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ಹಾಕಿತು. ಕರಡು ಕರಡಾಗಿಯೇ ಉಳಿಯಿತು. 2020ರ ಮಾರ್ಚ್ 26ರಂದು, ಲಾಕ್‌ಡೌನ್ ಶುರುವಾದ ಎರಡನೇ ದಿನ, ಮನೆ ಬಾಗಿಲಿಗೆ ಔಷಧ ತಲುಪಿಸಲು ಅವಕಾಶ ಕೊಟ್ಟ ಅಧಿಸೂಚನೆ ಬಂದ ಮೇಲೆ ವಾದವೆಲ್ಲ ಹಿಂದೆ ಸರಿಯಿತು. ಆ ಅಧಿಸೂಚನೆಯ ಲಾಭವನ್ನು ನಾವೂ ಪಡೆಯಬಹುದಿತ್ತು. ಅದು ಬಂದದ್ದು ಲೈಸೆನ್ಸ್ ಇರುವ ಅಂಗಡಿಗಳಿಗಾಗಿ.

ಅದೇ ವರ್ಷ ಆಗಸ್ಟಿನಲ್ಲಿ ಎರಡು ಸಂಗತಿ ನಡೆದವು. ಅಮೆಜಾನ್ ತನ್ನ ಔಷಧ ಮಾರಾಟವನ್ನು ಭಾರತದಲ್ಲಿ ಮೊದಲು ಶುರು ಮಾಡಿದ್ದು ಬೆಂಗಳೂರಿನಲ್ಲಿ. ರಿಲಯನ್ಸ್ 620 ಕೋಟಿ ರೂಪಾಯಿ ಕೊಟ್ಟು ನೆಟ್‌ಮೆಡ್ಸ್‌ನ ಮಾತೃಸಂಸ್ಥೆಯ ಶೇಕಡಾ 60 ಪಾಲು ಕೊಂಡಿತು. ಮರುವರ್ಷ ಟಾಟಾ ಗುಂಪು 1ಎಂಜಿಯ ಬಹುಪಾಲು ತೆಗೆದುಕೊಂಡಿತು. ಫಾರ್ಮ್‌ಈಸಿ ಮೆಡ್‌ಲೈಫನ್ನು ನುಂಗಿತು, ಥೈರೋಕೇರ್ ಲ್ಯಾಬಿನ ಶೇಕಡಾ 66ಕ್ಕೆ 4,546 ಕೋಟಿ ರೂಪಾಯಿ ತೆತ್ತಿತು, 6,250 ಕೋಟಿಯ ಷೇರು ಬಿಡುಗಡೆಗೆ ಅರ್ಜಿ ಹಾಕಿತು. 2022ರ ಆಗಸ್ಟಿನಲ್ಲಿ ಆ ಅರ್ಜಿ ಹಿಂದೆ ಪಡೆಯಿತು. 2023ರಲ್ಲಿ ಹಳೆಯ ಬೆಲೆಗಿಂತ ಸುಮಾರು ಶೇಕಡಾ 90ರಷ್ಟು ಕಡಿಮೆಗೆ ಬಂಡವಾಳ ಎತ್ತಬೇಕಾಯಿತು. ಸ್ಟ್ರಿಪ್‌ನ ಲೆಕ್ಕವನ್ನು ಹೂಡಿಕೆದಾರರ ದುಡ್ಡು ಎಷ್ಟು ದಿನ ಮುಚ್ಚಿಟ್ಟೀತು? ಮನೆ ಬಾಗಿಲಿಗೆ ಒಯ್ಯುವ ಖರ್ಚು ಬೇರೆ. ನಾನೂರು ರೂಪಾಯಿಯ ಚೀಟಿಗೆ ಶೇಕಡಾ 20 ಡಿಸ್ಕೌಂಟ್ ಕೊಟ್ಟು ಬೈಕಿನಲ್ಲಿ ಹುಡುಗನನ್ನು ಕಳಿಸಿ ಲಾಭ ಮಾಡುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಆನ್‌ಲೈನ್‌ನಲ್ಲಿ ಗಟ್ಟಿಯಾಗಿ ನಿಂತವರು ಹೆಚ್ಚಾಗಿ ಕೈಯಲ್ಲಿ ಅಂಗಡಿಗಳಿರುವವರು ಅಥವಾ ಬೆನ್ನಿಗೆ ದೊಡ್ಡ ಮನೆತನವಿರುವವರು.

ದೊಡ್ಡದಾಗಿದ್ದರೆ ಉಳಿಯುತ್ತೇವೆ ಎಂಬುದೂ ಸುಳ್ಳು. ಅಮೆರಿಕವನ್ನು ನೋಡಿ. 1901ರಲ್ಲಿ ಷಿಕಾಗೊದಲ್ಲಿ ಒಂದೇ ಅಂಗಡಿಯಾಗಿ ಶುರುವಾದ ವಾಲ್‌ಗ್ರೀನ್ಸ್, ಜಗತ್ತಿನ ಬಹುದೊಡ್ಡ ಔಷಧ ಚೈನ್‌ಗಳಲ್ಲೊಂದಾಗಿ ಬೆಳೆದು, 2025ರಲ್ಲಿ ಸಿಕಮೋರ್ ಎಂಬ ಖಾಸಗಿ ಹೂಡಿಕೆ ಸಂಸ್ಥೆಯ ಪಾಲಾಯಿತು. ರೈಟ್ ಏಡ್ ಎಂಬ ಇನ್ನೊಂದು ಚೈನ್ 2023ರಲ್ಲಿ ಒಮ್ಮೆ, 2025ರಲ್ಲಿ ಮತ್ತೊಮ್ಮೆ ದಿವಾಳಿ ಅರ್ಜಿ ಹಾಕಿ, ಅದೇ ವರ್ಷದ ಅಕ್ಟೋಬರಿನಲ್ಲಿ ಕೊನೆಯ ಅಂಗಡಿಗಳನ್ನೂ ಮುಚ್ಚಿತು. ಅಲ್ಲಿ ಔಷಧದ ಬಿಲ್ ಕಟ್ಟುವುದು ಹೆಚ್ಚಾಗಿ ವಿಮೆ. ಅಂಗಡಿಗೆ ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ವಿಮೆಯ ಪರವಾಗಿ ಚೌಕಾಸಿ ಮಾಡುವ ಮಧ್ಯವರ್ತಿ ಕಂಪನಿ. ಅಲ್ಲಿಯ ಮತ್ತೊಂದು ದೊಡ್ಡ ಚೈನ್ ಸಿವಿಎಸ್ 2007ರಲ್ಲಿ ಅಂಥ ಮಧ್ಯವರ್ತಿಯಾದ ಕೇರ್‌ಮಾರ್ಕನ್ನೇ ಕೊಂಡುಕೊಂಡಿತು, 2018ರಲ್ಲಿ ಏಟ್ನಾ ಎಂಬ ವಿಮಾ ಕಂಪನಿಯನ್ನು. ಬೆಲೆ ಕಟ್ಟುವವನ ಕುರ್ಚಿಯಲ್ಲಿ ತಾನೇ ಕುಳಿತಿತು. ನಮ್ಮಲ್ಲಿ ರೋಗಿ ಇನ್ನೂ ತನ್ನ ಜೇಬಿನಿಂದಲೇ ಕೊಡುತ್ತಾನೆ, ಅದು ಅವನ ದುರದೃಷ್ಟ. ಆದರೆ ಅದರಿಂದಾಗಿಯೇ ಕೌಂಟರಿನಲ್ಲಿ ನಿಂತವನ ಮಾತಿಗೆ ಇಲ್ಲಿ ಇನ್ನೂ ಬೆಲೆ ಇದೆ.

ಜನರಿಕ್ ಔಷಧ ಮಾರುವ ಸರಕಾರದ ಜನೌಷಧಿ ಕೇಂದ್ರಗಳ ಬಗ್ಗೆ ಎರಡು ಮಾತು. 2008ರ ನವೆಂಬರಿನಲ್ಲಿ ಅಮೃತಸರದಲ್ಲಿ ಒಂದು ಕೇಂದ್ರದಿಂದ ಶುರುವಾದದ್ದು 2023ರ ನವೆಂಬರಿನಲ್ಲಿ ದೇವಘರದಲ್ಲಿ ಹತ್ತು ಸಾವಿರ ಮುಟ್ಟಿತು. ಕೇಂದ್ರ ನಡೆಸುವವನಿಗೆ ಶೇಕಡಾ 20 ಮಾರ್ಜಿನ್. ನಮ್ಮವರು ಇದನ್ನು ಶತ್ರುವಿನಂತೆ ನೋಡಿದರು. ಆದರೆ ಸರಕಾರ ಮಾಡಿ ತೋರಿಸಿದ್ದು ಇಷ್ಟು: ಬ್ರಾಂಡ್ ಹೆಸರು ತೆಗೆದರೆ ಅದೇ ಔಷಧ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ, ಮಾರುವವನಿಗೂ ಬದುಕಲು ಸಾಲುತ್ತದೆ. ನಮ್ಮ ಅಂಗಡಿಗಳಲ್ಲೂ ಜನರಿಕ್ ಇತ್ತಲ್ಲ! ಮೇಲೆ ನೂರು ರೂಪಾಯಿ ಎಂಆರ್‌ಪಿ ಅಚ್ಚು ಹಾಕಿಸಿ ಹತ್ತಿಪ್ಪತ್ತು ರೂಪಾಯಿಗೆ ಅಂಗಡಿಗೆ ಬರುವ ಮಾಲು. ಆ ಉಳಿತಾಯ ಗಿರಾಕಿಗೆ ಹೋದದ್ದು ಅಪರೂಪ. ಈ ಒಂದು ವಿಷಯದಲ್ಲಿ ನಾವು ಜನರ ವಿಶ್ವಾಸ ಕಳೆದುಕೊಂಡೆವು, ಜನೌಷಧಿ ಅದನ್ನು ಗಳಿಸಿತು.

ಈಗ ಕಾಯ್ದೆ ಯಾರನ್ನು ಅಂಗಡಿಯ ಯಜಮಾನ ಎಂದಿತ್ತೋ ಅವರ ವಿಷಯ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿ ಫಾರ್ಮಸಿಸ್ಟ್ ರೋಗಿಗೆ ಔಷಧದ ಬಗ್ಗೆ ತಿಳಿಹೇಳಬೇಕು, ಅದು ಅವನ ಕೆಲಸದ ಭಾಗ ಎನ್ನುತ್ತದೆ. ನಮ್ಮಲ್ಲಿ ಎಷ್ಟು ಅಂಗಡಿಗಳಲ್ಲಿ ಸರ್ಟಿಫಿಕೇಟ್ ಮಾತ್ರ ಗೋಡೆಯ ಮೇಲಿದ್ದು ಅದರ ಒಡೆಯರು ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿದ್ದಾರೆ ಎಂಬುದು ಓದುಗರಿಗೆಲ್ಲ ಗೊತ್ತು. ಡ್ರಗ್ ಇನ್‌ಸ್ಪೆಕ್ಟರ್ ಬರುತ್ತಾರೆಂದು ಫೋನು ಬಂದರೆ ಮಾತ್ರ ಅವರು ಬಸ್ಸು ಹತ್ತುತ್ತಾರೆ. ಚೈನ್‌ಗಳಲ್ಲೂ ಎಲ್ಲ ಸರಿ ಇದೆ ಎಂದು ನಾನು ಹೇಳುತ್ತಿಲ್ಲ. ಅಲ್ಲೂ ಬಿಲ್ಲಿಂಗ್ ಮಾಡುವ ಹುಡುಗನೇ ಚೀಟಿ ಓದುವುದು ಉಂಟು. ಆದರೆ ಆನ್‌ಲೈನ್ ಮಾರಾಟದ ವಿರುದ್ಧ ನಮ್ಮ ಮುಖ್ಯ ವಾದ ಏನಿತ್ತು? ಫಾರ್ಮಸಿಸ್ಟ್ ಕಣ್ಣೆದುರು ಇಲ್ಲದೆ ಔಷಧ ಕೊಡುವುದು ಅಪಾಯ ಎಂದು. ಆ ವಾದ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಮೊದಲು ನಮ್ಮ ಅಂಗಡಿಯಲ್ಲಿ ನಿಲ್ಲಬೇಕಿತ್ತು.

ಸಣ್ಣ ಅಂಗಡಿಯ ಕೈಯಲ್ಲಿ ಉಳಿದಿರುವುದು ಕಡಿಮೆಯೇನಲ್ಲ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಮೇಲಿನ ಮನೆಯಿಂದ ಇಳಿದುಬರುವವರು ನಾವು. ಪಿಂಚಣಿ ಬರುವವರೆಗೆ ತಿಂಗಳ ಲೆಕ್ಕ ಬರೆದಿಡುವವರು ನಾವು. ಯಾವ ಅಜ್ಜನಿಗೆ ಯಾವ ಮಾತ್ರೆ ಒಗ್ಗುವುದಿಲ್ಲ ಎಂಬುದು ಕಂಪ್ಯೂಟರಿಲ್ಲದೆಯೂ ನಮಗೆ ಗೊತ್ತು. ಇದಕ್ಕೆ ಎರಡು ಸಂಗತಿ ಸೇರಬೇಕು. ಒಂದು, ತಾಲ್ಲೂಕಿನ ಅಂಗಡಿಗಳೆಲ್ಲ ಸೇರಿ ಒಂದೇ ಗೋಡೌನಿನ ಮೂಲಕ ಖರೀದಿ ಮಾಡುವುದು. ಆ 72 ರೂಪಾಯಿಯ ದರ ಸಿಗುವುದು ಹಾಗೆ ಮಾತ್ರ. ಒಟ್ಟಾಗಿ ಕೊಳ್ಳುವುದೇ ತಪ್ಪು ಎಂದು ಸ್ಪರ್ಧಾ ಕಾಯ್ದೆ ಹೇಳುವುದಿಲ್ಲ; ಎಲ್ಲರೂ ಇಷ್ಟೇ ದರಕ್ಕೆ ಮಾರಬೇಕೆಂದು ಕಟ್ಟು ಹಾಕಿದರೆ, ಯಾರನ್ನಾದರೂ ಹೊರಗಿಟ್ಟರೆ ತಪ್ಪು. ಇನ್ನೊಂದು, ಫಾರ್ಮಸಿಸ್ಟರು ಕೌಂಟರಿನಲ್ಲಿ ಇರುವುದು, ಅವರಿಗೆ ಕೈಗೆ ಹತ್ತುವ ಸಂಬಳ ಕೊಡುವುದು. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಗಳ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದು ನಮ್ಮ ಸ್ಟಾಕಿನಲ್ಲಿ ಸಿಕ್ಕಿಕೊಳ್ಳುವ ಬಂಡವಾಳ ಸ್ವಲ್ಪ ಹಗುರಾಗಿದೆ, ಶುರು ಮಾಡಲು ಇದು ಒಳ್ಳೆಯ ಹೊತ್ತು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಆನ್‌ಲೈನ್ ವಿರೋಧದ ನಿರ್ಣಯ ಹೇಗೂ ಇರುತ್ತದೆ. ಅದಕ್ಕಿಂತ ಮೇಲೆ, ಮೊದಲ ವಿಷಯವಾಗಿ, ಜಂಟಿ ಖರೀದಿಯನ್ನೂ ಫಾರ್ಮಸಿಸ್ಟರ ಹಾಜರಾತಿಯನ್ನೂ ಇಡಬೇಕೆಂದು ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ. ಸಭೆಗೆ ಸ್ಟಾಕಿಸ್ಟ್ ಸದಸ್ಯರನ್ನು ಕರೆದಷ್ಟೇ ಆಸ್ಥೆಯಿಂದ, ಅಂಗಡಿಗಳಲ್ಲಿ ಸಂಬಳಕ್ಕೆ ದುಡಿಯುವ ಡಿ.ಫಾರ್ಮಾ ಹುಡುಗ ಹುಡುಗಿಯರನ್ನೂ ಕರೆಯಬೇಕು.